ಗೆರೆ ಮುಟ್ಟದ ಹನಿ

ಮಮದಾಪುರದ ನಮ್ಮ ಶಾಲೆಯ ಅಂಗಳದಲ್ಲೊಂದು ಮಳೆಮಾಪಕವಿತ್ತು. ದಿನಾ ಬೆಳಿಗ್ಗೆ ಅದನ್ನು ನೋಡಿ ಬರೆದಿಡುವುದು ಶಾಲೆಯ ಸಹಾಯಕಿಯ ಕೆಲಸ. ಆಕೆ ಸೆರಗು ಸಿಕ್ಕಿಸಿ, ನೀರನ್ನು ಗೆರೆ ಹಾಕಿದ ಗಾಜಿಗೆ ಸುರಿದು ಕಟ್ಟೆಯ ಮೇಲಿಡುತ್ತಿದ್ದಳು. ಆಮೇಲೆ ಮೊಣಕಾಲೂರಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು, ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

ಒಮ್ಮೆ ತಳದಲ್ಲಿ ಒಂದೇ ಹನಿಯಿತ್ತು. ಮೊದಲ ಗೆರೆಯನ್ನೂ ಮುಟ್ಟಿರಲಿಲ್ಲ.

"ಸೊನ್ನಿ ಬರ್ದುಬಿಡವಾ," ಎಂದೆ. ತೀರಾ ಸಣ್ಣದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲವೆಂದು ಮಕ್ಕಳಿಗೆ ಕಲಿಸುವ ವಿಜ್ಞಾನದ ಶಿಕ್ಷಕಿ ನಾನು.

"ಸೊನ್ನಿ ಹೆಂಗ ಬರೀಲ್ರಿ ಅಕ್ಕೋರ? ಅಳತಿಗೆ ಸಿಕ್ಕಿಲ್ಲ ಖರೆ, ಆದ್ರ ಬಂದೈತ್ರಿ." ಅಂಕಿಯ ಜಾಗದಲ್ಲಿ 'ಹನಿ' ಎಂದು ಬರೆದಳು. ಅಂಥ ದಿನಗಳಲ್ಲೆಲ್ಲ ಆಕೆಯದು ಅದೇ ಮಾತು.

ಆ ವರ್ಷ ನನ್ನ ಆರು ವಾರದ ಬಸಿರು ನಿಲ್ಲಲಿಲ್ಲ. ಇನ್ನೂ ಏನೂ ಆಗಿರಲಿಲ್ಲವಲ್ಲ ಎಂದು ಮನೆಯವರೆಲ್ಲ ಸಮಾಧಾನ ಹೇಳಿದರು. ರಜೆ ಮುಗಿಸಿ ಶಾಲೆಗೆ ಬಂದ ದಿನ ಆಕೆ ನೀರು ತಂದಿಟ್ಟು ನನ್ನ ಮುಖ ನೋಡಿದಳು.

"ಏನೂ ಇರಲಿಲ್ಲ ಬಿಡವಾ, ಬರೇ ಆರು ವಾರ," ಎಂದೆ ನಾನೇ.

ಆಕೆ ನನ್ನ ಕುರ್ಚಿಯೆದುರು ಮೊಣಕಾಲೂರಿ, ನನ್ನ ಕಣ್ಣಿನ ಮಟ್ಟಕ್ಕೆ ಬಂದಳು.

"ಹಂಗನಬ್ಯಾಡ್ರಿ ಅಕ್ಕೋರ. ಬಂದಿತ್ತು."