ಬರೆಯದೆ ಬಿಟ್ಟ ಒಂದು ಸಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಾಗಲಕೋಟೆಯಲ್ಲಿ ಅವ್ವ ‘ಈಕಿನ್ನ ಯಾವ ಪುಣ್ಯಾತ್ಮ ಸಂಭಾಳಸ್ತಾನೋ’ ಎಂದು ಹಣೆ ಬಡಿದುಕೊಳ್ಳುತ್ತಿದ್ದಳು. ಪುಣ್ಯಾತ್ಮ ಸಿಕ್ಕ, ಸಿಯಾಟಲ್‌ಗೆ ಕರೆತಂದ. ಅವನು ಕ್ಯಾನ್ಯನ್ ಪಾರ್ಕಿನ ಆಫೀಸಿಗೆ ಹೋಗುತ್ತಾನೆ, ನಾನು ಎವರೆಟ್ ಕಡೆಯ ಒಂದು ಹ್ಯಾಂಗರಿಗೆ ಹೋಗುತ್ತಿದ್ದೆ. ಅವನ ಗೆಳೆಯರ ಹೆಂಡಂದಿರು ‘ನಿಮ್ಮದೇನು ಕೆಲಸ’ ಎಂದು ಕೇಳಿದಾಗ ವಿಮಾನ ರಿಪೇರಿ ಎಂದರೆ, ‘ಓ, ಕಂಪ್ಯೂಟರ್‌ನಲ್ಲಾ?’ ಅನ್ನುತ್ತಿದ್ದರು. ಅಲ್ಲ ತಾಯಂದಿರಾ, ಸ್ಪ್ಯಾನರ್ ಹಿಡಿದು, ಗ್ರೀಸ್ ಬಳಿದುಕೊಂಡು.

ಆ ತಿಂಗಳು ಹ್ಯಾಂಗರಿನಲ್ಲಿ ದಿನಾ ಜಗಳ. ನಮ್ಮಲ್ಲಿ ಪ್ರತಿ ಕೆಲಸಕ್ಕೂ ಒಂದು ಕಾರ್ಡ್ ಇರುತ್ತದೆ. ಮಾಡಿದವರು ಸಹಿ ಹಾಕಬೇಕು, ನೋಡಿದವರು ಸೀಲ್ ಒತ್ತಬೇಕು. ಸೂಪರ್‌ವೈಸರ್‌ಗೆ ಅಷ್ಟು ಪುರುಸೊತ್ತಿರಲಿಲ್ಲ. ಮೇಲಿನವರು ಅವನ ಕುತ್ತಿಗೆ ಹಿಡಿದರೆ ಅವನು ನಮ್ಮದು ಹಿಡಿಯುತ್ತಿದ್ದ. ‘ಈಗ ಸೀಲ್ ಒತ್ತು, ಆಮೇಲೆ ನೋಡಿಕೋ’ ಎಂದು ನನ್ನ ಮುಂದೆ ಕಾರ್ಡ್ ಎಸೆಯುತ್ತಿದ್ದ. ನಾನು ವಾಪಸ್ ಅವನ ಎದೆಗೇ ಎಸೆಯುತ್ತಿದ್ದೆ. ಒಮ್ಮೆ ನನ್ನ ಟೂಲ್ ಟ್ರಾಲಿಯನ್ನು ಒದ್ದು ಬೀಳಿಸಿದ. ಎರಡು ಅಡಿ ಉದ್ದದ ರೆಂಚ್ ಎತ್ತಿಕೊಂಡು ‘ಇನ್ನೊಂದು ಸಲ ಒದ್ದು ನೋಡು’ ಎಂದೆ. ಸುಮ್ಮನೆ ಹೋದ.

ಅಲ್ಲಿ ಇನ್ನೊಬ್ಬರು ಕನ್ನಡದವರಿದ್ದರು. ಮೈಸೂರಿನವರು, ನನಗಿಂತ ಹದಿನೈದು ವರ್ಷ ದೊಡ್ಡವರು. ನನಗೆ ಅಣ್ಣ. ಬೆಳಗಿನ ಪಾಳಿ ನನ್ನದು, ಮಧ್ಯಾಹ್ನದ್ದು ಅವರದು. ಪಾಳಿ ಬದಲಾಗುವಾಗ ಅರ್ಧಕ್ಕೆ ನಿಂತ ಕೆಲಸವನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಬರೆದು ಸಹಿ ಹಾಕಿ ಹೋಗಬೇಕು. ನಾನೂ ಬರೆಯುತ್ತಿದ್ದೆ. ಆದರೆ ಬರೆದ ಮೇಲೆ ಅಣ್ಣನಿಗೆ ಬಾಯಲ್ಲಿ ಇನ್ನೊಮ್ಮೆ ಹೇಳಿದರೇ ನನಗೆ ಸಮಾಧಾನ. ಇಂಗ್ಲಿಷಿನಲ್ಲಿ ಬರೆದದ್ದಕ್ಕಿಂತ ಕನ್ನಡದಲ್ಲಿ ಹೇಳಿದ್ದೇ ಗಟ್ಟಿ ಅನ್ನಿಸುತ್ತಿತ್ತು. ಬರಬರುತ್ತಾ, ಹೇಳಿದರೆ ಸಾಕು, ಬರೆದ ಹಾಗೇ ಅನ್ನಿಸತೊಡಗಿತು. ನಮ್ಮವರೊಬ್ಬರು ಸಿಕ್ಕರೆ ಹೀಗೇ ಆಗುತ್ತದೆ.

ಅವತ್ತು ನಾನು ಎಡ ಚಕ್ರದ ಗೂಡಿನೊಳಗೆ ಪೈಪ್ ಬದಲಾಯಿಸುತ್ತಿದ್ದೆ. ವಿಮಾನದ ಹೊಟ್ಟೆಯಲ್ಲಿ ಚಕ್ರ ಮಡಚಿಕೊಳ್ಳುವ ಜಾಗ ಅದು, ಅದಕ್ಕೊಂದು ಭಾರೀ ಬಾಗಿಲು. ಬಾಗಿಲು ತಾನಾಗಿ ಮುಚ್ಚದ ಹಾಗೆ ಒಂದು ಲಾಕ್ ಹಾಕಿರುತ್ತೇವೆ. ಪೈಪಿಗೆ ಅಡ್ಡ ಬಂತೆಂದು ಆ ಲಾಕನ್ನು ತೆಗೆದೆ. ಅದಿರುವುದು ಮೇಲೆ, ಪೈಪುಗಳ ಸಂದಿಯಲ್ಲಿ. ಇದೆಯೋ ಇಲ್ಲವೋ ಕೆಳಗೆ ನಿಂತರೆ ಕಾಣುವುದಿಲ್ಲ. ಲಾಕ್ ಇಲ್ಲದಾಗ, ಬಾಗಿಲು ಎಳೆಯುವ ಹೈಡ್ರಾಲಿಕ್ ಪಂಪ್ ಹಾಕಿದರೆ ಬಾಗಿಲು ಗಿಲೋಟಿನ್ ಹಾಗೆ ಬಂದು ಬಡಿಯುತ್ತದೆ.

ಎರಡೂವರೆಗೆ ಪುಸ್ತಕ ಬರೆಯಲು ನಿಂತೆ. ಮೂರು ಸಾಲು ಬರೆದು ಸಹಿ ಹಾಕಿದ ಮೇಲೆ ಲಾಕಿನದು ಉಳಿಯಿತೆಂದು ನೆನಪಾಗಿ ಮತ್ತೆ ಪೆನ್ ಊರಿದೆ. ಅಷ್ಟರಲ್ಲಿ ಸೂಪರ್‌ವೈಸರ್ ಬಂದು, ನಾಳೆ ಬೆಳಿಗ್ಗೆ ವಿಮಾನ ಹೋಗಬೇಕು, ಇಲ್ಲಿ ಕಾದಂಬರಿ ಬರೆಯುತ್ತಿದ್ದೀಯಾ ಎಂದು ಎಲ್ಲರೆದುರು ಕಿರುಚಿದ. ಪಿತ್ತ ನೆತ್ತಿಗೇರಿತು. ಪೆನ್ ಬಿಸಾಡಿ, ಬಾಯಿಗೆ ಬಂದಂತೆ ಬೈದು ಹೊರಟುಬಿಟ್ಟೆ. ಹ್ಯಾಂಗರಿನ ಬಾಗಿಲಲ್ಲಿ ಅಣ್ಣ ಎದುರಾದರು.

“ಅಣ್ಣಾರ, ಎಡಗಡೆ ಬಾಗಲದ ಲಾಕ್ ತಗದೀನ್ರಿ. ಪಂಪ್ ಹಚ್ಚಬ್ಯಾಡ್ರಿ.”

“ಆಯ್ತು ಕಣಮ್ಮ, ನಾನ್ ನೋಡ್ಕೋತೀನಿ. ನೀನು ಹೋಗು, ನೀರು ಕುಡಿ ಮೊದ್ಲು.”

ಲಾಕರ್ ಕೋಣೆಯಲ್ಲಿ ಮುಖ ತೊಳೆದು ಹತ್ತು ನಿಮಿಷ ಕೂತೆ. ಆಗ ಕೇಳಿಸಿತು. ಮೊದಲು ಕಬ್ಬಿಣದ ಸದ್ದು, ಆಮೇಲೆ ಮನುಷ್ಯನದು.

ಓಡಿ ಬಂದೆ. ನಮ್ಮಲ್ಲಿ ಫಿಲಿಪ್ಪೀನ್ಸ್ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದರು, ಮೂವತ್ತು ವರ್ಷ ಒಂದೂ ತಪ್ಪಿಲ್ಲದೆ ದುಡಿದವರು. ಆ ಬಾಗಿಲು ಅವರ ಬಲಗೈಯನ್ನು ಹೆಗಲವರೆಗೂ ಕಚ್ಚಿ ಹಿಡಿದಿತ್ತು. ಏಣಿ ಬಿದ್ದುಹೋಗಿತ್ತು. ಇಡೀ ಮೈ ಆ ಒಂದು ಕೈಯ ಮೇಲೆ ನೇತಾಡುತ್ತಿತ್ತು. ನಾನು ಕೆಳಗೆ ನುಗ್ಗಿ ಅವರ ಕಾಲುಗಳನ್ನು ನನ್ನ ಹೆಗಲ ಮೇಲೆ ಇಟ್ಟುಕೊಂಡು ಮೇಲಕ್ಕೆತ್ತಿ ನಿಂತೆ. ರಕ್ತ ನನ್ನ ಕುತ್ತಿಗೆಯೊಳಗೆ ಬಿಸಿಬಿಸಿಯಾಗಿ ಇಳಿಯಿತು. ಮೂಳೆ ಲಟಲಟ ಅನ್ನುವುದು ನನ್ನ ಹೆಗಲಿಗೇ ಗೊತ್ತಾಗುತ್ತಿತ್ತು. ಬಾಗಿಲು ಬಿಡಿಸುವ ಹೊತ್ತಿಗೆ ಅವರ ಕೂಗು ನಿಂತಿತ್ತು. ಕೂಗಿಗಿಂತ ಅದೇ ಹೆಚ್ಚು ಭಯ ಹುಟ್ಟಿಸಿತು.

ಆಂಬುಲೆನ್ಸ್ ಹೋಯಿತು. ಪಂಪ್ ಹಾಕಿದ್ದು ಸೂಪರ್‌ವೈಸರ್ ಎಂದು ಯಾರೋ ಅಂದರು. ಅಷ್ಟೇ ಸಾಕಾಯಿತು. ಅವನ ಕೋಣೆಗೆ ನುಗ್ಗಿ ಕೈಗೆ ಸಿಕ್ಕ ಉದ್ದನೆಯ ಟಾರ್ಚಿನಿಂದ ಮುಖಕ್ಕೆ ಬಾರಿಸಿದೆ. ಹುಬ್ಬು ಸೀಳಿತು. ಇನ್ನೊಂದು ಬಾರಿಸಿದೆ. ಬಿದ್ದವನ ಪಕ್ಕೆಗೆ ಒದ್ದೆ. “ಕೊಂದ್ಯಲ್ಲೋ, ಹಲ್ಕಟ್ ನನ್ಮಗನ, ಕೊಂದ್ಯಲ್ಲೋ!” ಅವನಿಗೆ ಕನ್ನಡ ಬರುವುದಿಲ್ಲ ಎಂಬ ಪರಿವೆಯೂ ಇರಲಿಲ್ಲ. ಅಣ್ಣ ಬಂದು ನನ್ನ ಸೊಂಟ ಹಿಡಿದು ಹಿಂದಕ್ಕೆಳೆದರು.

ಅವನು ಏಳಲಿಲ್ಲ. ನೆಲದಿಂದಲೇ ಕೈ ಚಾಚಿ, ಮೇಜಿನ ಮೇಲಿದ್ದ ಆ ದಪ್ಪ ಪುಸ್ತಕವನ್ನು ಎಳೆದು ತೆರೆದು ನನ್ನ ಕಾಲ ಬಳಿ ತಳ್ಳಿದ.

“ಓದು. ನಾನು ಓದಿಯೇ ಪಂಪ್ ಹಾಕಿದ್ದು. ಲಾಕ್ ತೆಗೆದಿದ್ದೀಯ ಅಂತ ಎಲ್ಲಿದೆ, ತೋರಿಸು.”

ಮೂರು ಸಾಲು, ಕೆಳಗೆ ನನ್ನ ಸಹಿ. ನಾಲ್ಕನೆಯ ಸಾಲಿನ ಜಾಗದಲ್ಲಿ ಪೆನ್ ಊರಿದ ಒಂದು ಚುಕ್ಕೆ. ಅಣ್ಣನ ಕಡೆ ನೋಡಿದೆ.

“ನನ್ನನ್ನ ಇವ್ನು ಆಚೆ ಹ್ಯಾಂಗರ್‌ಗೆ ಕಳಿಸ್ಬಿಟ್ಟ ಕಣಮ್ಮ,” ಅಂದರು ಅಣ್ಣ. “ಹೋಗೋ ಗಡಿಬಿಡೀಲಿ ಮರೆತ್ಬಿಟ್ಟೆ. ಯಾರ್ಗೂ ಹೇಳ್ಲಿಲ್ಲ.”

ಸೂಪರ್‌ವೈಸರ್ ಹುಬ್ಬಿಗೆ ಬಟ್ಟೆ ಒತ್ತಿಕೊಂಡು ಮಾತಾಡಿದ. ತನಿಖೆಯವರು ಬರುತ್ತಾರೆ. ಪಂಪ್ ಹಾಕುವ ಮೊದಲು ತಾನು ಕೆಳಗೆ ಯಾರಿದ್ದಾರೆಂದು ನೋಡಬೇಕಿತ್ತು, ನೋಡಲಿಲ್ಲ. ನಾನು ಬರೆಯಬೇಕಿತ್ತು, ಬರೆಯಲಿಲ್ಲ. ಈಗ ನಾನು ಒಂದು ಸಾಲು ಸೇರಿಸಬೇಕು: ‘ಎಡ ಬಾಗಿಲಿನ ಲಾಕ್ ಹಾಕಿಯೇ ಇದೆ.’ ಆಗ ಲಾಕ್ ತೆಗೆದದ್ದು ಗೂಡಿನೊಳಗೆ ಕೈಯಿಟ್ಟಿದ್ದ ಆ ಮುದುಕನೇ ಎಂದಾಗುತ್ತದೆ. ಹೊಡೆದದ್ದನ್ನು ತಾನು ಪೊಲೀಸರಿಗೆ ಹೇಳುವುದಿಲ್ಲ.

“ಬರ್ದ್ಬಿಡು ತಂಗಿ,” ಅಂದರು ಅಣ್ಣ. “ಆತ ಬದುಕ್ತಾನೋ ಇಲ್ವೋ. ನೀನ್ಯಾಕೆ ಹಾಳಾಗ್ತೀಯ?”

ಆಸೆಯಾಯಿತು. ಯಾಕೆ ಸುಳ್ಳು ಹೇಳಲಿ, ಬಹಳ ಆಸೆಯಾಯಿತು. ಪೆನ್ ಎತ್ತಿಕೊಂಡು ‘ಎಡ ಬಾಗಿಲಿನ’ ಎನ್ನುವವರೆಗೂ ಬರೆದೆ. ಆಪರೇಷನ್ ಟೇಬಲ್ಲಿನ ಮೇಲೆ ಮಾತಿಲ್ಲದೆ ಮಲಗಿದವರ ಮೂವತ್ತು ವರ್ಷದ ಹೆಸರಿಗೆ ನಾನು ಮಸಿ ಬಳಿಯಲು ಇನ್ನು ಮೂರೇ ಪದ ಬಾಕಿ. ಥೂ ನಿನ್ನ, ಎಂದು ನನಗೇ ಅಂದುಕೊಂಡೆ. ಒಂದು ತಿಂಗಳು ಇವನ ಸುಳ್ಳು ಸೀಲಿಗೆ ಕೂಗಾಡಿದವಳು ನಾನೇ ತಾನೇ? ವಾಕ್ಯ ಮುಗಿಸಿದೆ: ‘ಎಡ ಬಾಗಿಲಿನ ಲಾಕ್ ನಾನು ತೆಗೆದೆ. ಬರೆಯಲಿಲ್ಲ. ಬಾಯಲ್ಲಿ ಹೇಳಿ ಹೋದೆ. ಅಪಘಾತವಾದ ಮೇಲೆ ಇದನ್ನು ಬರೆಯುತ್ತಿದ್ದೇನೆ.’ ಗಂಟೆ ಎಷ್ಟೆಂದೂ ಬರೆದು ಸಹಿ ಮಾಡಿದೆ.

ಸೂಪರ್‌ವೈಸರ್ ಹಾರಿಬಂದು ಹಾಳೆ ಹರಿಯಲು ನೋಡಿದ. ನನ್ನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಕುಟ್ಟಿದ. ನಾನು ಅವನ ಮುಂಗೈಯನ್ನು ಕಚ್ಚಿದವಳು ಬಿಡಲಿಲ್ಲ. ಎಂದೂ ಯಾರೊಂದಿಗೂ ಗಟ್ಟಿಯಾಗಿ ಮಾತಾಡದ ಅಣ್ಣ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಎಸೆದರು. ಆಮೇಲೆ ಪೆನ್ ಕೇಳಿ, ನನ್ನ ಸಾಲಿನ ಕೆಳಗೆ ಬರೆದರು: ‘ಆಕೆ ನನಗೆ ಹೇಳಿದ್ದು ನಿಜ. ನಾನು ಮರೆತೆ.’

ನನ್ನ ಲೈಸೆನ್ಸ್ ಹೋಯಿತು. ಹೊಡೆದದ್ದಕ್ಕೆ ಕೇಸೂ ಆಯಿತು. ಅದು ಬೇರೆ ಮಾತು.

ಎರಡು ವಾರದ ನಂತರ ಆಸ್ಪತ್ರೆಗೆ ಹೋದೆ. ಬಲಗೈ ಇದ್ದ ಕಡೆ ಬರೀ ಬ್ಯಾಂಡೇಜಿತ್ತು. ಪುಸ್ತಕದಲ್ಲಿ ಬರೆದದ್ದನ್ನೆಲ್ಲ ಅವರಿಗೂ ಬಾಯಿಬಿಟ್ಟು ಹೇಳಿದೆ. ಬೈಯಲಿ, ಉಗಿಯಲಿ, ಎಡಗೈಯಲ್ಲಿ ಹೊಡೆಯಲಿ ಎಂದು ಹತ್ತಿರವೇ ಕೂತೆ. ಅವರು ನನ್ನ ಕಡೆ ತಿರುಗಿದರು.

“ಒಳಗೆ ಹೋಗೋ ಮುಂಚೆ ನಾನೂ ಪುಸ್ತಕ ನೋಡಿದೆ,” ಅಂದರು. “ಲಾಕ್ ತೆಗೆದ ಮಾತು ಅದರಲ್ಲಿರಲಿಲ್ಲ. ಬೇರೆ ಯಾರೇ ಬರೆದಿದ್ದರೂ ನಂಬಲ್ಲ. ಏಣಿ ಹತ್ತಿದ್ದೇ ಮೊದಲು ಲಾಕನ್ನ ಕೈಯಿಂದ ಮುಟ್ಟಿ ನೋಡ್ತೀನಿ. ಅವತ್ತು ಕೆಳಗಡೆ ನಿನ್ನ ಸಹಿ ಇತ್ತು. ಅದಕ್ಕೇ ಮುಟ್ಟಿ ನೋಡಲಿಲ್ಲ.”