ಮೋತ್ಯಾನ ಕಾಲಿಗೆ ಹಿಡಿ ಜೋಳ

ನೀಲವ್ವ ಕಾಕುವಿನ ಹುಬ್ಬು ಬೆಳಿಗ್ಗೆ ಎಂಟಕ್ಕೆ ಕರಿದು, ಹತ್ತಕ್ಕೆ ಬಿಳಿದು. ಮೂಡಲಗಿಯ ನಮ್ಮ ಓಣಿಯ ಬಾಯಿಗೇ ಇದ್ದ ಹಿಟ್ಟಿನ ಗಿರಣಿ ಅವರದು. ಗಂಡ ತೀರಿಕೊಂಡ ಮೇಲೆ, ಮನೆಯಲ್ಲಿ ದುಡಿಯುವ ಮಗನಿದ್ದರೂ, ತಾವೇ ಬೆಲ್ಟು ಹಾಕಿ, ಕಲ್ಲು ಬಿಗಿ ಮಾಡಿ, ಮಂದಿ ತಂದ ಡಬ್ಬಿ ಎತ್ತಿ ಸುರುವುತ್ತಿದ್ದರು. ಎರಡು ತಾಸಿನಲ್ಲಿ ಹುಬ್ಬು, ರೆಪ್ಪೆ, ಕಿವಿಯ ಬೆಂಡೋಲೆ, ಕೊರಳಿನ ಲಿಂಗದ ಕರಡಿಗೆ ಎಲ್ಲದರ ಮೇಲೂ ಜೋಳದ ಹಿಟ್ಟು ಕೂತುಬಿಡುತ್ತಿತ್ತು. ಸೆರಗಿನಿಂದ ಒರೆಸಿಕೊಂಡರೆ ಸೆರಗಿನಲ್ಲಿದ್ದ ಹಿಟ್ಟೂ ಮುಖಕ್ಕೆ ಹತ್ತುತ್ತಿತ್ತು.

ವರ್ಷಗಟ್ಟಲೆ ಆ ಸದ್ದಿನಲ್ಲಿ ನಿಂತು ಅವರಿಗೆ ಕೂಗಿಯೇ ಮಾತಾಡುವ ಅಭ್ಯಾಸ. ಕರೆಂಟು ಹೋಗಿ ಗಿರಣಿ ನಿಂತರೂ ದನಿ ಇಳಿಯುತ್ತಿರಲಿಲ್ಲ. “ಅಕ್ಕೋರ, ಒಂದ ಗುಟ್ಟಿನ ಮಾತ ಐತ್ರಿ, ಸನೇಕ ಬರ್ರಿ” ಎಂದು ನನ್ನನ್ನು ಹತ್ತಿರ ಕರೆದು ಅವರು ಹೇಳುವ ಗುಟ್ಟು ಎದುರಿನ ಕಿರಾಣಿ ಅಂಗಡಿಯವನಿಗೂ ಕೇಳುತ್ತಿತ್ತು. ಅವನು ಅಲ್ಲಿಂದಲೇ ತಲೆ ಆಡಿಸುತ್ತಿದ್ದ.

ನಾನು ಆಗ ನಾಗನೂರಿನ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಉಪಚಾರವೇನೂ ಇಲ್ಲ. ಪಗಾರ ನಾಲ್ಕು ತಿಂಗಳಿಗೊಮ್ಮೆ ಬಂದರೆ ಬಂತು. ಊರು ಹುಕ್ಕೇರಿ. ಮೂಡಲಗಿಯಲ್ಲಿ ಗಿರಣಿಯ ಬಾಜೂ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದೆ. ಒಬ್ಬಳೇ ಅಂದರೆ ಸುಳ್ಳಾದೀತು, ಮೋತ್ಯಾ ಇದ್ದ. ಯಾರೋ ಬಿಟ್ಟುಹೋದ ಕಂದು ಬಣ್ಣದ ಮರಿ ನನ್ನ ಚಪ್ಪಲಿಯ ಮೇಲೆ ಮಲಗಿ ನಿದ್ದೆ ಮಾಡಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ, ಅಷ್ಟೇ ನಮ್ಮ ಸಂಬಂಧದ ಕಥೆ. ದೊಡ್ಡವನಾದ ಮೇಲೆ ದಿನಾ ಸಂಜೆ ನಾನು ನಾಗನೂರಿನ ಬಸ್ಸಿಳಿಯುವ ಹೊತ್ತಿಗೆ ರಸ್ತೆಯ ಆಚೆ ಬಂದು ಕೂತಿರುತ್ತಿದ್ದ. ಮನೆಯಲ್ಲಿ ಕಾಯುವವರಿಲ್ಲದವಳಿಗೆ ಅದೆಷ್ಟು ದೊಡ್ಡದು ಎಂದು ಹೇಳಿದರೆ ಮಂದಿ ನಗುತ್ತಾರೆ. ನಗಲಿ ಬಿಡಿ.

ಕಬ್ಬಿನ ಹಂಗಾಮಿನ ಒಂದು ಸಂಜೆ. ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಫ್ಯಾಕ್ಟರಿಯ ಕಡೆ ಸಾಲು ಹಿಡಿದಿದ್ದವು. ನಾನು ಬಸ್ಸಿಳಿದದ್ದನ್ನು ನೋಡಿ ಮೋತ್ಯಾ ನನ್ನ ಕಡೆಗೇ ಓಡಿಬಂದ. ಮುಂದಿನ ಟ್ರೇಲರು ದಾಟಿತು ಅಂದುಕೊಂಡ, ಹಿಂದೆ ಇನ್ನೊಂದಿದೆ ಎಂದು ಅವನಿಗೆ ತಿಳಿಯಲಿಲ್ಲ. ಅದರ ಗಾಲಿ ಅವನ ಹಿಂಗಾಲಿನ ಮೇಲೆ ಹಾಯಿತು. ಗಿರಣಿಯಿಂದ ಓಡಿಬಂದು ಅವನನ್ನು ಖಾಲಿ ಚೀಲದ ಮೇಲೆ ಎತ್ತಿಕೊಂಡವರು ನೀಲವ್ವ ಕಾಕು.

ದನದ ದವಾಖಾನೆಯ ಡಾಕ್ಟರು ಒಳ್ಳೆಯವರು. ನೋವಿಗೆ ಸೂಜಿ ಹಾಕಿ, ಕಾಲಿಗೆ ಆಸರೆ ಕಟ್ಟಿ, ನನ್ನ ಮುಖ ನೋಡದೆ ಹೇಳಿದರು: “ಹಿಂದಿನ ಎರಡೂ ಕಾಲ ಮುರದಾವ್ರಿ ಟೀಚರ್. ಪಟ್ಟಿ ಕಟ್ಟಿದ್ರ ಕೂಡಂಗಿಲ್ಲ. ಬೆಳಗಾವ್ಯಾಗ ಪ್ರೈವೇಟ್‌ದಾಗ ಆಪರೇಶನ್ ಮಾಡಿ ರಾಡ್ ಹಾಕಸಬೇಕ. ಖರ್ಚ ಭಾಳ ಐತಿ. ಎಂಟ-ಹತ್ತ ದಿನದಾಗ ಆಗಲಿಲ್ಲಂದ್ರ, ತೆವಳೂದ ನೋಡೂದಕಿಂತ ಸೂಜಿ ಹಾಕಿ ಮಲಗಿಸೂದ ಛಲೋ.”

ಮಲಗಿಸುವುದು ಅಂದರೆ ಏನೆಂದು ನನಗೆ ಅರ್ಥವಾಗಿತ್ತು.

ಹುಕ್ಕೇರಿಗೆ ಫೋನು ಮಾಡಿದೆ. ಅಣ್ಣ ಕೆಟ್ಟವನಲ್ಲ. “ನಾಯಿ ಸಲುವಾಗಿ ಇಷ್ಟ ರೊಕ್ಕಾ? ಹುಚ್ಚಿ, ಇದರಕಿಂತ ಛಲೋ ಮರಿ ತಂದ ಕೊಡತೇನಿ ತಗೋ” ಎಂದ. ಪ್ರೀತಿಯಿಂದಲೇ ಅಂದ, ಅದಕ್ಕೇ ಹೆಚ್ಚು ಸಿಟ್ಟು ಬಂತು. ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ಮಕ್ಕಳ ಬಿಸಿಯೂಟಕ್ಕೆ ತರಕಾರಿ ಸಾಲದ ಊರಿನಲ್ಲಿ ನಾಯಿಯ ಕಾಲಿಗೆ ಕೈ ಚಾಚುವುದು ಹೇಗೆ? ಕೇಳುವ ಅಭ್ಯಾಸ ನಮ್ಮ ಮನೆತನದಲ್ಲೇ ಇಲ್ಲ. ಉಪವಾಸವಿದ್ದರೂ ಕಡ್ಡಿಯಿಂದ ಹಲ್ಲು ಕೆದಕಿಕೊಂಡು ಹೊರಗೆ ಬರುವ ಜನ ನಾವು. ಮರುದಿನ ಕಾಕು ತಾವಾಗಿ ವಿಚಾರಿಸಿದಾಗ ಮಾತ್ರ ತಡೆಯಲಾಗದೆ ಅತ್ತುಬಿಟ್ಟೆ. ಯಾರಿಗೂ ಹೇಳಬೇಡಿ ಎಂದು ಕೈಯಲ್ಲಿ ಕೈಯಿಟ್ಟು ಮಾತು ತೆಗೆದುಕೊಂಡೆ.

ಅರ್ಧ ತಾಸಿಗೆ ಗಿರಣಿಯಿಂದ ಅವರ ದನಿ ಕೇಳಿತು. “ಪಾಪ, ಅಕ್ಕೋರ ಕಡೆ ರೊಕ್ಕ ಇಲ್ಲವಾ. ಪಗಾರಾಗಿ ನಾಕ ತಿಂಗಳಾತು. ಯಾರಿಗೂ ಹೇಳಬ್ಯಾಡ ಅಂದಾರ!” ಸಾಲಿನಲ್ಲಿ ಹನ್ನೆರಡು ಜನರಾದರೂ ಇದ್ದರು. ನನ್ನ ಮೈಯೆಲ್ಲ ಉರಿಯಿತು. ಹೋಗಿ ಜಗಳ ತೆಗೆದೆ, ನನ್ನ ಮಾನ ಓಣಿಯಲ್ಲಿ ಹರಾಜಿಗಿಟ್ಟಿರಿ ಅಂದೆ. ಕಾಕು ಗಿರಣಿಯ ಬಾಯಿಗೆ ಜೋಳ ಸುರುವುತ್ತಲೇ, ಸ್ವಲ್ಪವೂ ಬೇಜಾರಿಲ್ಲದೆ ಅಂದರು: “ಮಾನ ನಿಮ್ಮದರಿ, ಕಾಲ ಅದರದು. ನಿಮ್ಮ ಮಾನಾ ಹಿಡಕೊಂಡ ಅದು ಹೆಂಗ ನಡೀತೈತಿ?”

ನಾನು ಮುಖ ಊದಿಸಿಕೊಂಡು ಹೊರಬಿದ್ದೆ.

ಕಾಕುವಿನ ಗಿರಣಿಯಲ್ಲೊಂದು ಪದ್ಧತಿ ಇತ್ತು. ಓಣಿಯಾಚೆಯ ಸಣ್ಣ ಮಠದ ದಾಸೋಹಕ್ಕೆಂದು ಬಾಗಿಲಲ್ಲಿ ಒಂದು ಬುಟ್ಟಿ. ಬೀಸಲು ಬಂದವರು ಡಬ್ಬಿ ಕೊಡುವ ಮೊದಲು ಒಂದು ಹಿಡಿ ಜೋಳ ಅದರಲ್ಲಿ ಹಾಕಬೇಕು. ಯಾರೂ ಹೇಳುತ್ತಿರಲಿಲ್ಲ, ಕೈ ತಾನಾಗಿಯೇ ಹೋಗುತ್ತಿತ್ತು. ಸೋಮವಾರಕ್ಕೊಮ್ಮೆ ಮಠದ ಮುದುಕನೊಬ್ಬ ಸೈಕಲ್ಲಿನಲ್ಲಿ ಬಂದು ಒಯ್ಯುತ್ತಿದ್ದ. ಆ ಸಂಜೆ ನೋಡಿದರೆ ಅದರ ಪಕ್ಕ ಇನ್ನೊಂದು ಬುಟ್ಟಿ ಬಂದಿತ್ತು. “ಇದು ಮೋತ್ಯಾಂದರಿ” ಎಂದರು ಕಾಕು. “ರೊಕ್ಕ ಕೇಳಿದ್ರ ಮಂದಿ ಕಿಸೆ ಹಿಡಕೋತಾರ. ಡಬ್ಬಿ ತೆರದ ನಿಂತಾಗ ಒಂದ ಹಿಡಿ ಕೇಳಿದ್ರ ಯಾರ ಒಲ್ಲೆ ಅಂತಾರ? ಯಾರ ಕೈಯಾಗ ಏನೈತಿ, ಅವರಿಗೆ ಅದನ್ನ ಕೇಳಬೇಕ.”

ಹಾಗೆಯೇ ಕೇಳಿದರು. ಡಾಕ್ಟರ ಕೈಯಲ್ಲಿ ಫೋನಿತ್ತು. “ನಿಮ್ಮ ಕೂಡ ಕಲತವರು ಬೆಳಗಾವ್ಯಾಗ ಯಾರೂ ಇಲ್ಲೇನ್ರಿ ಸಾಹೇಬ್ರ?” ಎಂದು ದವಾಖಾನೆಯ ಅಂಗಳದಲ್ಲಿ ನಿಂತು ಕೂಗಿದರು. ಇದ್ದರು. ಆ ಗೆಳೆಯರು ತಮ್ಮ ಫೀ ಬಿಟ್ಟು, ರಾಡು ಮತ್ತು ಔಷಧದ ಖರ್ಚಷ್ಟೇ ಕೊಟ್ಟರೆ ಸಾಕೆಂದರು. ಬೆಳಗಾವಿಗೆ ಕಾಯಿಪಲ್ಲೆ ಒಯ್ಯುವ ಟೆಂಪೋದವನ ಕೈಯಲ್ಲಿ ಗಾಡಿ ಇತ್ತು. ಬದನೆಕಾಯಿ ಚೀಲಗಳ ನಡುವೆ ಮೋತ್ಯಾನಿಗೆ ಜಾಗ ಕೇಳಿದರು. ಬಾಕಿ ಖರ್ಚು ಬುಟ್ಟಿಯಿಂದ ಏಳಬೇಕು. ತುಂಬಿದ ಜೋಳವನ್ನು ಎದುರಿನ ಕಿರಾಣಿಯವನು ಪೇಟೆಯ ಧಾರಣೆಗೇ ಕೊಳ್ಳುವುದೆಂದು ಮಾತಾಯಿತು. ಅವನು ಈ ಸಲವೂ ಅಲ್ಲಿಂದಲೇ ತಲೆ ಆಡಿಸಿದ.

ಎಲ್ಲರೂ ಕೊಟ್ಟರೆಂದು ಹೇಳಿದರೆ ಸುಳ್ಳಾಗುತ್ತದೆ. ನಮ್ಮ ಓಣಿಯ ಹಿರಿಯರಾದ ಬಸಪ್ಪ ಕಾಕಾ ಎರಡನೆಯ ಬುಟ್ಟಿ ನೋಡಿ ಹುಬ್ಬು ಗಂಟಿಕ್ಕಿದರು. “ನೀಲವ್ವ, ಮಠದ ಬುಟ್ಟಿ ಬಾಜೂ ನಾಯಿ ಬುಟ್ಟಿ ಇಡತೀಯೇನ? ತಲಿ ನೆಟ್ಟಗ ಐತಿಲ್ಲೋ?” ಎಂದು ಡಬ್ಬಿ ಎತ್ತಿಕೊಂಡು ಆಚೆ ಓಣಿಯ ಗಿರಣಿಗೆ ಹೋದರು. ಅವರ ಹಿಂದೆ ಇನ್ನೂ ನಾಲ್ಕು ಮನೆಯವರು ಹೋದರು. ಕಾಕುವಿನ ಅನ್ನಕ್ಕೆ ನನ್ನಿಂದ ಕಲ್ಲು ಬಿತ್ತಲ್ಲ ಎಂದು ನನಗೆ ಸಂಕಟವಾಯಿತು. ಬುಟ್ಟಿ ತೆಗೆಯಿರಿ ಎಂದೆ. ತೆಗೆಯಲಿಲ್ಲ.

ಐದು ದಿನಕ್ಕೆ ಬುಟ್ಟಿ ತುಂಬಿ, ಜೋಳ ಎರಡು ಚೀಲಕ್ಕೇರಿ ಬಾಗಿಲಲ್ಲಿ ನಿಂತಿತ್ತು. ಸೋಮವಾರ ನಾನು ಶಾಲೆಯಲ್ಲಿದ್ದೆ, ಕಾಕು ಒಳಗೆ ಸವೆದ ಬೀಸುವ ಕಲ್ಲನ್ನು ಕುಟ್ಟಿ ಹರಿತ ಮಾಡುತ್ತಿದ್ದರು. ಮಠದ ಮುದುಕ ಬಂದ. ಈ ಸಲ ಭಕ್ತರು ಕೈಬಿಚ್ಚಿ ಕೊಟ್ಟಿದ್ದಾರೆಂದು ಖುಷಿಪಟ್ಟು, ಯಾರದೋ ಗಾಡಿ ತರಿಸಿ, ಎರಡೂ ಬುಟ್ಟಿ, ಎರಡೂ ಚೀಲ ಹೇರಿಕೊಂಡು ಹೋದ. ಸಂಜೆ ನಾನು ಬಂದಾಗ ಬಾಗಿಲಲ್ಲಿ ಹಿಟ್ಟಿನ ಗುರುತಷ್ಟೇ ಇತ್ತು. ಡಾಕ್ಟರು ಹೇಳಿದ ದಿನಗಳಲ್ಲಿ ಇನ್ನು ಉಳಿದದ್ದು ಮೂರು. ಮೋತ್ಯಾ ಮುಂಗಾಲಿನ ಮೇಲೆ ಮೈ ಎಳೆದುಕೊಂಡು ಬಾಗಿಲವರೆಗೆ ಬಂದು ನನ್ನ ಕೈ ನೆಕ್ಕಿದ.

“ನಡೀರಿ ಮಠಕ್ಕ” ಎಂದರು ಕಾಕು.

ಮಠಕ್ಕೆ ಹೋದ ಜೋಳವನ್ನು ವಾಪಸು ಕೇಳುವುದು! ಅದೂ ನಾಯಿಗೆ! ನೆಲ ಬಾಯಿಬಿಟ್ಟರೆ ಒಳಗಿಳಿಯುತ್ತಿದ್ದೆ. ಮಠದ ಅಜ್ಜಾರು ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದರು. ವಯಸ್ಸಾದ ಸ್ವಾಮಿಗಳು, ಮಾತು ಕಮ್ಮಿ. ನಾನು ನಮಸ್ಕಾರ ಮಾಡಿ ಬಾಗಿಲ ಹಿಂದೆ ನಿಂತೆ. ಕಾಕು ಮಾತ್ರ ಗಿರಣಿಯ ದನಿಯಲ್ಲೇ ಶುರು ಮಾಡಿದರು: “ಅಜ್ಜಾರ, ನಾಯಿ ಜ್ವಾಳ ನಿಮ್ಮ ಕಡೆ ಬಂದೈತ್ರಿ.” ಪಂಕ್ತಿಗೆ ಕೂತಿದ್ದವರೆಲ್ಲ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಕಾಕು ಬಿಡದೆ ಟ್ರೇಲರಿನಿಂದ ಹಿಡಿದು ಡಾಕ್ಟರವರೆಗೆ ಎಲ್ಲ ಹೇಳಿದರು.

ಅಜ್ಜಾರು ಪೂರಾ ಕೇಳಿ, “ಅದಕ್ಕ ಇಷ್ಟ ಒದರೂದ್ಯಾಕವಾ, ನನ್ನ ಕಿವಿ ಇನ್ನೂ ಛಲೋ ಅದಾವ” ಎಂದರು. ಆಮೇಲೆ ಮುದುಕನನ್ನು ಕರೆದು ಚೀಲ ಎಲ್ಲಿ ಎಂದು ವಿಚಾರಿಸಿದರು. ಒಂದು ಚೀಲ ಹಾಗೆಯೇ ಇತ್ತು. ಇನ್ನೊಂದು ಆಗಲೇ ಹಿಟ್ಟಾಗಿ, ರೊಟ್ಟಿಯಾಗಿ, ಆ ಪಂಕ್ತಿಯಲ್ಲೇ ಬಡಿಸಿಯಾಗಿತ್ತು. ಅಜ್ಜಾರು ನನ್ನ ಕಡೆ ತಿರುಗಿ, “ಅರ್ಧಾ ನಾವ ಉಂಡೇವಿ ತಂಗಿ. ಚಿಂತಿ ಮಾಡಬ್ಯಾಡ” ಎಂದು ಉಳಿದ ಚೀಲ, ಖಾಲಿ ಬುಟ್ಟಿಗಳ ಜೊತೆ ಮಠದ ಕಣಜದಿಂದ ಇನ್ನೆರಡು ಚೀಲ ಕೊಡಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಮರುದಿನ ಮುಂಜಾನೆ ಗಿರಣಿಯ ಮುಂದೆ ಸಾಲು ತುಂಬಿದ ಹೊತ್ತಿಗೆ ಕೋಲೂರಿಕೊಂಡು ತಾವೇ ಬಂದರು. ಜೋಳಿಗೆಯಿಂದ ಒಂದು ಹಿಡಿ ಜೋಳ ತೆಗೆದು, ಮಠದ ಬುಟ್ಟಿ ದಾಟಿ, ಮೋತ್ಯಾನ ಬುಟ್ಟಿಯಲ್ಲಿ ಹಾಕಿದರು. ಹಾಗೆಯೇ ತಿರುಗಿ ಹೋದರು.

ಸಂಜೆ ಬಸಪ್ಪ ಕಾಕಾ ಡಬ್ಬಿ ಹೊತ್ತು ಬಂದರು. “ಆ ಗಿರಣ್ಯಾಗ ಹಿಟ್ಟ ಭಾಳ ಬಿಸಿ ಆಗತೈತಿ” ಎಂದು ಯಾರೂ ಕೇಳದಿದ್ದರೂ ಕಾರಣ ಕೊಟ್ಟು, ಎರಡು ಹಿಡಿ ಹಾಕಿದರು. ಕಾಕು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ರೆಪ್ಪೆಯ ಮೇಲಿನ ಹಿಟ್ಟು ಉದುರಿತು.

ಮೂರನೆಯ ದಿನ ಮೋತ್ಯಾ ಬದನೆಕಾಯಿಗಳ ನಡುವೆ ಬೆಳಗಾವಿಗೆ ಹೋದ. ಆಪರೇಶನ್ ಆಯಿತು. ವಾಪಸು ತಂದ ಮೇಲೆ ಎರಡು ತಿಂಗಳು ಬೀಸಲು ಬಂದವರೆಲ್ಲ ನನ್ನ ಖೋಲಿಗೆ ಹಾಯ್ದು ಹೋಗುತ್ತಿದ್ದರು. “ನಮ್ಮ ನಾಯಿ ಕಾಲ ಹೆಂಗೈತ್ರಿ ಅಕ್ಕೋರ?” ನಮ್ಮ ನಾಯಿ! ಮೊದಮೊದಲು ನನಗೆ ಸಣ್ಣ ಹೊಟ್ಟೆಕಿಚ್ಚಾಯಿತು, ಆಮೇಲೆ ಆ ಮಾತು ಕೇಳದಿದ್ದರೆ ದಿನ ಕಳೆದಂತೆಯೇ ಅನಿಸುತ್ತಿರಲಿಲ್ಲ. ಅವನು ಮೊದಲ ಸಲ ನಾಲ್ಕೂ ಕಾಲ ಮೇಲೆ ನಿಂತು ಗಿರಣಿಯ ಮೆಟ್ಟಿಲು ಹತ್ತಿದ ದಿನ ಕಾಕು ಮಷೀನು ಬಂದ್ ಮಾಡಿ, ಅವನನ್ನು ತಬ್ಬಿಕೊಂಡು ಮೈಯೆಲ್ಲ ಹಿಟ್ಟು ಮಾಡಿಬಿಟ್ಟರು.

ಮುಂದಿನ ವರ್ಷ ನನಗೆ ಯಮಕನಮರಡಿಯಲ್ಲಿ ಕಾಯಂ ನೌಕರಿಯಾಯಿತು. ಮೋತ್ಯಾನನ್ನು ಕರೆದುಕೊಂಡು ಬಂದೆ. ಒಂದು ಶನಿವಾರ ಮುಂಜಾನೆಯ ಶಾಲೆ ಮುಗಿಸಿ ಬಂದರೆ ಮನೆಯ ಕಟ್ಟೆಯ ಮೇಲೆ ಕಾಕು ಕೂತಿದ್ದಾರೆ. ಎರಡು ಬಸ್ಸು ಬದಲಿಸಿ ಬಂದಿದ್ದರು. “ಮಂದಿ ದಿನಾ ಕೇಳತಾರ, ಹೆಂಗ ನಡೀತಾನ ಅಂತ. ಕಣ್ಣಾರೆ ನೋಡಿ ಹೇಳೂನು ಅಂತ ಬಂದೆ” ಎಂದರು. ಮೋತ್ಯಾನನ್ನು ಅಂಗಳದಲ್ಲಿ ನಡೆಸಿ ನೋಡಿದರು, ಓಡಿಸಿ ನೋಡಿದರು. ಸ್ವಲ್ಪ ಕುಂಟುತ್ತಾನೆ. “ಇರಲಿ, ನಾನೂ ಕುಂಟತೇನಿ” ಎಂದರು.

ಊಟವಾದ ಮೇಲೆ ಅವನ ತಲೆ ಸವರುತ್ತ, ಇಷ್ಟು ದಿನ ಹೇಳದ ಸಂಗತಿಯೊಂದನ್ನು ಹೇಳಿದರು.

“ನಮ್ಮವರು ತೀರಿದ ವರ್ಷರಿ. ಅವರು ಸಾಕಿದ್ದ ನಾಯಿ ಇತ್ತು, ಚಂದ್ರ್ಯಾ ಅಂತ. ಹೊಟ್ಟಿ ಬಾತು ಬಿತ್ತು. ದೊಡ್ಡ ದವಾಖಾನಿಗೆ ಒಯ್ಯಿರಿ ಅಂದ್ರು. ಗಂಡ ಸತ್ತಾಕಿ ನಾಯಿ ಸಲುವಾಗಿ ಮಂದಿ ಮುಂದ ಕೈ ಒಡ್ಡಿದ್ಲು ಅನ್ನಿಸಿಕೊಳ್ಳೂದು ಬ್ಯಾಡಂತ ಮನ್ಯಾಗ ಕುಂತೆ. ನಾಕ ದಿನ ನನ್ನ ಮಾರೀನ ನೋಡಕೋತ ಬಾಗಲದಾಗ ಬಿದ್ದಿತ್ತು. ಹೋತು.” ಅವರ ಕೈ ಮೋತ್ಯಾನ ಕುಂಟುಗಾಲಿಗೆ ಇಳಿಯಿತು. “ಓಣ್ಯಾಗ ಯಾರೂ ಇಲ್ಲ ಅಂದಿರಲಿಲ್ಲರಿ. ನಾನ ಕೇಳಿರಲಿಲ್ಲ.”

ನಾನು ಅವರ ಕೈ ಹಿಡಿದುಕೊಂಡೆ. ಅವರ ಮೇಲೆ ನನಗಿರುವ ಪ್ರೀತಿಯನ್ನು ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ.

ನಾಲ್ಕು ತಿಂಗಳಿಗೆ ಅವರ ಮಗ ಫೋನು ಮಾಡಿದ. ನಾನು ಮೂಡಲಗಿಗೆ ಹೋಗಿ ಮುಟ್ಟುವ ಹೊತ್ತಿಗೆ ಮಣ್ಣಾಗಿತ್ತು. ಗಿರಣಿಯ ಮುಂದೆ ಓಣಿಯೇ ಕೂತಿತ್ತು. ಮಗ ಒಂದು ಕಾಗದ ತಂದು ನನ್ನ ಕೈಗಿಟ್ಟ, ಬೀಸುವ ಕಲ್ಲಿನ ಹಿಂದಿನ ಗೂಡಿನಲ್ಲಿ ಸಿಕ್ಕಿತಂತೆ. ಗೋಕಾಕದ ದವಾಖಾನೆಯದು. ಎದೆಯ ಎಕ್ಸ್‌ರೇ ತೆಗೆದು, ಶ್ವಾಸಕೋಶ ಕೆಟ್ಟಿದೆ, ಕೂಡಲೇ ಬೆಳಗಾವಿಯಲ್ಲಿ ಭರ್ತಿ ಆಗಬೇಕು ಎಂದು ಬರೆದಿತ್ತು. “ಮನ್ಯಾಗ ಯಾರಿಗೂ ಹೇಳಿಲ್ಲರಿ ಅಕ್ಕೋರ. ತಾರೀಖ ನೋಡ್ರಿ. ಅವತ್ತ ಗೋಕಾಕದಿಂದ ನೆಟ್ಟಗ ನಿಮ್ಮ ಕಡೆನ ಬಂದಾಳ” ಎಂದ.

ನೋಡಿದೆ. ಅದೇ ಶನಿವಾರ.

ಅವತ್ತು ನನ್ನ ಮನೆಯಲ್ಲಿ ಅವರು ಮೇಲಿಂದ ಮೇಲೆ ಕೆಮ್ಮಿದ್ದು ನನಗೆ ಚೆನ್ನಾಗಿ ನೆನಪಿದೆ. ಹಿಟ್ಟಿನ ಕೆಮ್ಮು ಅಂದುಕೊಂಡೆ. ಎದ್ದುಹೋಗಿ ಒಂದು ತಂಬಿಗೆ ನೀರು ತಂದುಕೊಟ್ಟೆ. ಅರ್ಧ ಕುಡಿದು, ಉಳಿದದ್ದನ್ನು ಮೋತ್ಯಾನ ತಾಟಿಗೆ ಸುರುವಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಏನಾಗಿದೆ ಕಾಕು ಎಂದು ನಾನು ಕೇಳಲಿಲ್ಲ.