ಕೌದಿಯ ಆಚೆಯಿಂದ ಒಂದು ಹೂಂ

ಇವತ್ತು ಬೆಳಿಗ್ಗೆ ಅಪ್ಪ ದೋರನಹಳ್ಳಿಯಿಂದ ಬಸ್ಸಿನಲ್ಲಿ ಒಂದು ಗಂಟು ಹೊತ್ತು ಬಂದ. ಬಿಚ್ಚಿದರೆ ಅವ್ವ ಕಳಿಸಿದ ಹಳೆಯ ಕೌದಿ, ಹಳೆ ಸೀರೆ ಸೇರಿಸಿ ಹೊಲಿದ ದಪ್ಪ ಹೊದಿಕೆ. ಬೇವಿನೆಲೆಯ ಘಾಟು ಮೂಗಿಗೆ ಬಡಿಯಿತು. ಶಹಾಪುರದ ನನ್ನ ಪುಟ್ಟ ರೆಕಾರ್ಡಿಂಗ್ ಕೋಣೆಗೆ ಇದೇ ಕೊನೆಯ ಕೌದಿ, ಉಳಿದ ಗೋಡೆಗಳಿಗೆ ಆಗಲೇ ಹೊದಿಸಿಯಾಗಿದೆ. ಬಂದವರೆಲ್ಲ, ಗೋಡೆಗೆ ಚಳಿಯೇ ಎಂದು ಕೇಳುತ್ತಾರೆ. ದಪ್ಪ ಬಟ್ಟೆ ಇದ್ದರೆ ಕೋಣೆ ಗುಂಯ್‌ಗುಡುವುದಿಲ್ಲ ಎಂದು ವಿವರಿಸಿ ವಿವರಿಸಿ ಸಾಕಾಗಿ, ಈಗ "ಹೌದ್ರಿ, ಚಳಿ" ಎಂದುಬಿಡುತ್ತೇನೆ.

ವಿಶ್ವವಿದ್ಯಾಲಯದಲ್ಲಿ ಸಂಗೀತ ತಂತ್ರಜ್ಞಾನ ಓದುತ್ತೇನೆ ಎಂದಾಗಲೂ ಹೀಗೇ ಆಗಿತ್ತು. ಅಪ್ಪ ಶಾಲಾ ಮಾಸ್ತರ. ಅವನ ಕನಸಿನಲ್ಲಿ ನಾನು ಬಿ.ಎಡ್. ಮುಗಿಸಿ ಆಗಲೇ ಮಕ್ಕಳ ಹಾಜರಿ ಕರೆಯುತ್ತಿದ್ದೆ.

"ನಿನಗ ಹಾಡಾಕ ಬರ್ತದೇನು?"

"ಇಲ್ಲಪ್ಪ."

"ಬಾರಸಾಕ?"

"ಅದೂ ಇಲ್ಲ. ಹಾಡೋರ ದನಿ ಹಿಡದು ಹಸನ ಮಾಡೂದು ಕಲೀತೀನಿ."

"ದನಿ ಅಂದ್ರ ಜೋಳ ಏನು, ಹಸನ ಮಾಡಾಕ?"

ಕೊನೆಗೆ ಒಪ್ಪಂದವಾಯಿತು. ಮೊದಲ ವರ್ಷ ಪಾಸಾದರೆ ಮುಂದೆ ಓದುವುದು. ನಪಾಸಾದರೆ ತುಟಿ ಪಿಟಕ್ಕೆನ್ನದೆ ಅಪ್ಪನ ದಾರಿ ಹಿಡಿಯುವುದು.

ವರ್ಷದ ಕೊನೆಗೆ ಪರೀಕ್ಷೆ ಬಂತು ನೋಡಿ. ಒಂದು ಮನುಷ್ಯದನಿಯನ್ನು, ಬೇರೊಂದು ಸದ್ದೂ ಸೇರದಂತೆ, ಹಿಡಿದು ತರಬೇಕು. ನನಗೆ ನೆನಪಾದದ್ದು ಪಕ್ಕದ ಮನೆಯ ಭೀಮವ್ವ ಅತ್ತಿ. ಕುರಿ ಸಾಕುವ ಮನೆಯಾಕೆ; ಹಟ್ಟಿಯಲ್ಲಿ ನಿಂತು ಕೂಗಿದರೆ ಕಾಲುವೆಯಾಚೆಯ ಕುರಿಯೂ ತಿರುಗಿ ನೋಡಬೇಕು. ಆಕೆಯ ಕಥೆ ಕೇಳುತ್ತಲೇ ನಾನು ಬೆಳೆದದ್ದು. ಕಷ್ಟವಾದದ್ದು ನಿಶ್ಶಬ್ದ ಹುಡುಕುವುದು. ಕಾಲುವೆ ಬರುವ ಮುಂಚೆ ನಮ್ಮೂರಿನ ಮಧ್ಯಾಹ್ನ ಇರುವೆ ನಡೆದರೂ ಕೇಳುತ್ತಿತ್ತು ಎನ್ನುತ್ತಾನೆ ಅಪ್ಪ. ಮಾಸ್ತರರ ಮಾತು, ಅರ್ಧ ಕಳೆದು ಕೇಳಿ. ನೀರು ಬಂತು, ಭತ್ತ ಬಂತು, ಹಿಂದೆಯೇ ಟ್ರ್ಯಾಕ್ಟರು, ಪಂಪು, ಕಪ್ಪೆಗಳೂ ಬಂದವು. ಹಾಗಾಗಿ ಕಾಳಿನ ಕೋಣೆಯಲ್ಲಿ ಹಗ್ಗ ಕಟ್ಟಿ, ಮನೆಯ ಕೌದಿಗಳನ್ನೆಲ್ಲ ಇಳಿಬಿಟ್ಟು ಗುಡಾರ ಮಾಡಿದೆ. ಒಳಗೆ ಅತ್ತಿ ಮತ್ತು ಮೈಕು, ಹೊರಗೆ ನಾನು, ಅಪ್ಪ, ಅವ್ವ. ಯಾರೂ ಉಸಿರು ಬಿಡಕೂಡದೆಂದು ಅಪ್ಪಣೆ ಕೊಟ್ಟೆ.

"ಒಂದೂರಾಗ ಒಬ್ಬ ಕುರಿ ಕಾಯಾಂವ ಇದ್ದ," ಎಂದು ಅತ್ತಿ ಮಾತು ನಿಲ್ಲಿಸಿದಳು. "ಅವನ ಹಂತ್ಯಾಕ ಮಾತಾಡೋ ಟಗರಿತ್ತು." ಮತ್ತೆ ನಿಲ್ಲಿಸಿದಳು. ಕೌದಿ ಸರಿಸಿ ಮುಖ ಹೊರಗೆ ಹಾಕಿದಳು.

"ಎಲ್ಲಾರೂ ಮಕ್ಕೊಂಡ್ರೇನವಾ? ಹೂಂ ಅನ್ನೋರು ಯಾರೂ ಇಲ್ಲ."

ನಮ್ಮ ಕಡೆ ಕಥೆ ಹೇಳುವವರಿಗೆ ಒಬ್ಬರು ಹೂಂಗುಟ್ಟಲೇಬೇಕು. ಇಲ್ಲದಿದ್ದರೆ ಕಥೆ ಹೆಜ್ಜೆ ಎತ್ತುವುದಿಲ್ಲ. ವರ್ಷವಿಡೀ ಮೈಕಿನ ವಿದ್ಯೆ ಕಲಿತ ಜಾಣೆಗೆ ಇದೇ ಮರೆತುಹೋಗಿತ್ತು.

"ತಲಿ ಆಡಸ್ತೀನಿ ಅತ್ತಿ, ಹೇಳು."

"ಕೌದ್ಯಾಗ ಕುಂತಾಕಿಗಿ ನಿನ್ನ ತಲಿ ಎಲ್ಲಿ ಕಾಣ್ತದ? ಗ್ವಾಡಿಗಿ ಕಥಿ ಹೇಳಾಕಿ ಅಲ್ಲ ನಾ."

ಕುರಿಗೆ ನೀರು ತೋರಿಸಬೇಕೆಂದು ಅತ್ತಿ ಎದ್ದೇಬಿಟ್ಟಳು. ನನಗೆ ಅಳುವೇ ಬಂತು. ಆಗ ಅಪ್ಪ ಮುಖ ಗಂಟಿಕ್ಕಿಕೊಂಡೇ ಗುಡಾರದೊಳಗೆ ನುಗ್ಗಿ ಕೂತ. "ಹೇಳು ಭೀಮವ್ವ, ನಾ ಅಂತೀನಿ."

ಮೊದಲ ಹೂಂಗಳು ಶಾಲೆ ತಪಾಸಣೆಗೆ ಬಂದವರಂತೆ ಬಿಗಿಯಾಗಿದ್ದವು. ಟಗರನ್ನು ಸಂತೆಗೆ ಹೊಡೆದುಕೊಂಡು ಹೋದಾಗ ಹೂಂ ಉದ್ದವಾಯಿತು. ಟಗರು ದಾರಿ ಕೇಳುತ್ತ ಕೇಳುತ್ತ ಮನೆಗೆ ಮರಳಿದಾಗ, "ಹ್ಞಾಂ, ಹಂಗ ಬಾ" ಎಂದುಬಿಟ್ಟ. ಆಮೇಲೆ ಅವನ ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣುಮುಚ್ಚಿ ಪೂರ್ತಿ ಕೇಳಿದ. "ನಂದೂ ಛಲೋ ಬಂದದ," ಎಂದ.

ಹಾಸ್ಟೆಲಿಗೆ ಮರಳಿ ಆ ಹೂಂಗಳನ್ನು ಕತ್ತರಿಸಿ ನೋಡಿದೆ. ಅತ್ತಿಯ ದನಿ ಶುದ್ಧವಾಯಿತು, ಕಥೆ ಮಾತ್ರ ಸಪ್ಪಗಾಯಿತು. ಒಪ್ಪಿಸುವ ಮುಂಚಿನ ಸಂಜೆ, ನನ್ನ ಓದಿನ ಬಗ್ಗೆ ಎಂದೂ ಕೇಳದ ಅಪ್ಪ ಫೋನು ಮಾಡಿದ.

"ನನ್ನ ಹೂಂ ಇಟ್ಟೀಯೋ, ತಗದೀಯೋ?"

"ಇಟ್ರ ನಪಾಸಾಗಬಹುದಪ್ಪ."

"ಹಂಗಾದ್ರ ತಗಿ. ನೀ ಪಾಸಾಗು."

ನಾನು ಪಾಸಾಗಲಿ ಎಂದು ಅಪ್ಪ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಷ್ಟು ಅಂದವನ ದನಿಗೆ ಕತ್ತರಿ ಹಾಕುವುದು ನನ್ನಿಂದಾಗಲಿಲ್ಲ, ಹಾಗೇ ಒಪ್ಪಿಸಿದೆ.

ವಿಶ್ವವಿದ್ಯಾಲಯದ ನಮ್ಮ ಮೇಷ್ಟ್ರು ಮೊದಲ ಹೂಂಗೇ ಹುಬ್ಬು ಗಂಟಿಕ್ಕಿ ಕೆಂಪು ಪೆನ್ನು ಎತ್ತಿದರು. ಟಗರು ಸಂತೆ ಸೇರುವ ಹೊತ್ತಿಗೆ ಪೆನ್ನು ಕೆಳಗಿತ್ತು. ತಮಗೇ ತಿಳಿಯದೆ ಅವರೂ "ಹೂಂ" ಎನ್ನುತ್ತಿದ್ದರು. ಮುಗಿದ ಮೇಲೆ, ಕೇಳಿದ್ದು ಇದಲ್ಲ ಎಂದು ಚೆನ್ನಾಗಿ ಬೈದು, ಅಂಚಿನ ಅಂಕ ಕೊಟ್ಟು ಪಾಸು ಮಾಡಿದರು.

ಇವತ್ತು ಕೊನೆಯ ಕೌದಿ ತೂಗುಹಾಕಿದ ಮೇಲೆ ಹೊಸ ಮೈಕು ಪರೀಕ್ಷಿಸಲು ನಾನೇ ಒಳಗೆ ಕೂತೆ. ಅಪ್ಪ ಆಚೆ ಇದ್ದ. ಏನು ಹೇಳುವುದೆಂದು ತೋಚದೆ ಶುರುಮಾಡಿದೆ: "ಒಂದೂರಾಗ ಒಬ್ಬ ಮಾಸ್ತರ ಇದ್ದ. ಅವನಿಗಿ ಹಾಡಾಕ ಬರದ ಒಬ್ಬಾಕಿ ಮಗಳಿದ್ದಳು."

ಆಚೆಯಿಂದ ಸದ್ದೇ ಇಲ್ಲ. ನನ್ನ ನಾಲಿಗೆ ಅಲ್ಲೇ ನಿಂತಿತು. ಕೌದಿ ಸರಿಸಿ ನೋಡಿದರೆ ಅಪ್ಪ ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದಾನೆ.

"ಮೈಕ್ ಹಚ್ಚೀದಿ ಅಲ್ಲ, ಅದಕ್ಕ ಸುಮ್ಕ ಕುಂತೀನಿ," ಎಂದು ಪಿಸುಗುಟ್ಟಿದ.

"ನೀ ಅನ್ನಲಿಲ್ಲಂದ್ರ ನನಗ ಮುಂದ ಹೋಗಾಕ ಆಗೂದಿಲ್ಲಪ್ಪ," ಎಂದೆ.

ಅಪ್ಪ ಎದ್ದು ಒಳಗೆ ಬಂದು ನನ್ನೆದುರು ಕಾಲು ಮಡಚಿ ಕೂತ. ಗಂಟಲು ಸರಿಮಾಡಿಕೊಂಡ.

"ಹೂಂ," ಎಂದ. "ಮುಂದ?"